ಚಿಪ್ಪಿನ ದಿಬ್ಬ

ಗಂಗಿಯ ಬಲಗೈಯ ಬೆರಳುಗಳನ್ನು ಮುರಿದದ್ದು ಹಾಡಹಗಲಿನಲ್ಲಿ. ದೋಣಿ ತಂಗುವ ಧಕ್ಕೆಯ ಮೇಲೆ. ಊರಿನ ಅರ್ಧ ಜನ ನೋಡುತ್ತ ನಿಂತಿದ್ದಾಗ. ದೋಣಿ ಕಟ್ಟುವ ಕಲ್ಲಿನ ಮೇಲೆ ಅವಳ ಕೈಯನ್ನು ಒತ್ತಿ ಹಿಡಿದವನು ಒಬ್ಬ. ಇನ್ನೊಂದು ಕಲ್ಲು ಎತ್ತಿ ಜಜ್ಜಿದವನು ಮತ್ತೊಬ್ಬ. ಇಬ್ಬರೂ ಅವಳ ಕಣ್ಣೆದುರು ಬೆಳೆದವರು. ಅವರಲ್ಲಿ ಒಬ್ಬ ಹುಟ್ಟಿದಾಗ ಬಾಣಂತಿಯ ಬಟ್ಟೆ ಒಗೆದು ಕೊಟ್ಟ ಕೈ ಅದೇ.

ಅವಳು ಮಾಡಿದ ತಪ್ಪು ಕಾಲು ತೊಳೆದದ್ದು.

ಮೊದಲಿನಿಂದ ಹೇಳುತ್ತೇನೆ. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರು ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಆಗ ಹೆಂಗಸರು ಕೆಸರಿಗೆ ಇಳಿಯುತ್ತಾರೆ. ಕೆಸರಿನೊಳಗೆ ಬಳಚು ಇರುತ್ತದೆ. ಎರಡು ಚಿಪ್ಪುಗಳ ನಡುವೆ ಒಂದು ತುತ್ತು ಮಾಂಸ. ಅದನ್ನು ಕಣ್ಣಿನಿಂದ ಹುಡುಕಲಾಗುವುದಿಲ್ಲ. ಕಾಲಿನಿಂದಲೇ ಹುಡುಕಬೇಕು. ಪಾದ ತಡಕುತ್ತದೆ, ಕೈ ಬಗ್ಗಿ ಹೆಕ್ಕುತ್ತದೆ. ಹಾಗಾಗಿ ಬಳಚು ಹೆಕ್ಕುವವರ ಅಂಗಾಲಿನಲ್ಲಿ ಗಾಯವಿಲ್ಲದ ದಿನವಿಲ್ಲ. ಮುರಿದ ಚಿಪ್ಪು ಕೊಯ್ಯುತ್ತದೆ. ಕೊಯ್ದಲ್ಲಿಗೆ ಉಪ್ಪುನೀರು, ಅದರ ಮೇಲೆ ಕೆಸರು. ಮರುದಿನ ಅದೇ ಕಾಲನ್ನು ಮತ್ತೆ ಇಳಿಸಬೇಕು. ಇಳಿಸದಿದ್ದರೆ ಒಲೆ ಹೊತ್ತುವುದಿಲ್ಲ.

ಹೆಕ್ಕಿ ತಂದ ಬಳಚನ್ನು ಧಕ್ಕೆಯ ಪಕ್ಕ ಹಂಡೆಯಲ್ಲಿ ಬೇಯಿಸಿ, ಮಾಂಸ ಬಿಡಿಸಿ, ಚಿಪ್ಪನ್ನು ಅಲ್ಲೇ ಎಸೆಯುತ್ತಾರೆ. ಗಂಗಿಯ ಅಜ್ಜಿ ಎಸೆದಿದ್ದಳು. ತಾಯಿ ಎಸೆದಿದ್ದಳು. ಹಾಗೆ ಬೆಳೆದ ಚಿಪ್ಪಿನ ದಿಬ್ಬ ಆಳೆತ್ತರ ಮೀರಿ ಬೆಳ್ಳಗೆ ನಿಂತಿತ್ತು. ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನ ಒಡೆಯ ರವೀಂದ್ರನ ಲಾರಿ ಬಂದು ಅದರಿಂದ ತುಂಬಿಕೊಂಡು ಹೋಗುತ್ತಿತ್ತು. ದಿಬ್ಬ ಯಾರದು ಎಂದು ಅವನು ಕೇಳಿರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಗಂಗಿ ಮುಕ್ರಿಕೇರಿಯವಳು, ಊರು ಮುಟ್ಟಿಸಿಕೊಳ್ಳದ ಜಾತಿ. ಬಳಚಿಗೆ ಹೋಗುವವರನ್ನು ಒಯ್ಯುವ ಲಿಂಗಪ್ಪನ ದೋಣಿಯಲ್ಲಿ ಕೇರಿಯ ಹೆಂಗಸರಿಗೆ ಹಿಂದುಗಡೆ ಜಾಗ, ಮೀನುಗಾರ ಹೆಂಗಸರಿಗೆ ಮುಂದುಗಡೆ. ನಡುವೆ ಬುಟ್ಟಿಗಳ ಸಾಲು. ಬುಟ್ಟಿಗಳೇ ಬೇಲಿ.

ಒಂದು ವರ್ಷ ಅವಳ ಕಾಲು ಕೀವು ತುಂಬಿ ಊದಿಕೊಂಡಿತು. ಹೊನ್ನಾವರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿ ಕೇರಳದ ಕಡೆಯ ಒಬ್ಬ ನರ್ಸಮ್ಮ ಆ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಗಂಗಿ ಹೆದರಿ ಕಾಲು ಎಳೆದುಕೊಂಡಳು.

"ಅಮಾ, ನಾ ಯಾರು ಅಂತ ಗೊತ್ತದೆಯಾ? ನಾ ಮುಕ್ರಿ."

"ಕೀವಿಗೆ ಜಾತಿ ಗೊತ್ತಿಲ್ಲ. ಕಾಲು ಕೊಡಿ," ಎಂದಳು ನರ್ಸಮ್ಮ. "ನಮ್ಮ ಸ್ವಾಮಿಯೇ ತನ್ನ ಹಿಂದೆ ಬಂದವರ ಕಾಲು ತೊಳೆದಿದ್ದಾನೆ."

ಕಾಲು ತೊಳೆಸಿಕೊಳ್ಳುವ ದೇವರನ್ನು ಗಂಗಿ ಕಂಡಿದ್ದಳು, ಅದೂ ದೂರದಿಂದ. ಕಾಲು ತೊಳೆದ ದೇವರ ಸುದ್ದಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಗುಣವಾದ ಮೇಲೂ ಅವಳು ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ನರ್ಸಮ್ಮ ಹೋಗುವ ಪ್ರಾರ್ಥನೆ ಮನೆಗೆ ಹೋದಳು. ಕೇಳಿದಳು, ಅತ್ತಳು, ನಂಬಿದಳು. ಕೊನೆಗೆ ದೀಕ್ಷಾಸ್ನಾನಕ್ಕೆಂದು ನೀರಿನಲ್ಲಿ ಮುಳುಗಿ ಎದ್ದು ಮನೆಗೆ ಬಂದಳು.

ಗಂಡ ಹೊನ್ನ ಬಿದ್ದು ಬಿದ್ದು ನಕ್ಕ. "ದಿನಾ ಅಳಿವೆಯಲ್ಲಿ ಮುಳುಗಿ ಏಳ್ತಿ. ಇವತ್ತು ಮುಳುಗಿದ್ದಕ್ಕೆ ಎಂತ ವಿಶೇಷ ಮಾರಾಯ್ತಿ?"

"ಇವತ್ತು ಎದ್ದದ್ದು ವಿಶೇಷ," ಎಂದಳು ಗಂಗಿ.

ಹೊನ್ನನಿಗೆ ದೇವರ ಗೊಡವೆ ಇರಲಿಲ್ಲ, ಯಾವ ದೇವರದೂ. ಅವನು ರವೀಂದ್ರನ ಗೂಡಿನಲ್ಲಿ ಸುಟ್ಟ ಚಿಪ್ಪು ಬಾಚುವ ಆಳು. ದಿನವಿಡೀ ಬಿಸಿ ಸುಣ್ಣದ ಹುಡಿ ಮೈಗೆ ಮೆತ್ತಿರುತ್ತಿತ್ತು. ಆ ಹುಡಿಗೆ ನೀರು ತಾಗಿದರೆ ಅದು ಕುದಿಯುತ್ತದೆ. ಆದ್ದರಿಂದ ಅವನು ಸಂಜೆ ಮೊದಲು ಒಣ ಗೋಣಿಯಿಂದ ಮೈ ಉಜ್ಜಿ, ಎಣ್ಣೆ ಸವರಿ, ಆಮೇಲೆ ಮೀಯುತ್ತಿದ್ದ. ಗೂಡಿನ ಆಳುಗಳೆಲ್ಲ ಹಾಗೆಯೇ. ಹೊನ್ನ ಕುಡಿಯುತ್ತಿದ್ದ, ಹೆಂಡತಿಗೆ ಹೊಡೆಯುತ್ತಿದ್ದ. ಗಂಗಿ ಪ್ರಾರ್ಥಿಸುತ್ತ ಪ್ರಾರ್ಥಿಸುತ್ತ ಒಂದು ದಿನ ಅವನ ಬಾಟಲಿಯನ್ನು ಅವನ ಕಣ್ಣೆದುರೇ ಒಡೆದಳು. ಆ ದಿನ ಏಟು ತಿಂದಳು. ಮಾರನೆಯ ದಿನ ಇನ್ನೊಂದು ಒಡೆದಳು. ಹೊನ್ನ ಸೋತ.

ಅವಳಿಗೆ ಓದು ಬಾರದು. ಊರೂರು ತಿರುಗಿ ಸಾರಲು ಪುರುಸೊತ್ತಿಲ್ಲ. ದೋಣಿ ಅಳಿವೆಯ ನಡುವೆ ನಿಂತು ಇಳಿತಕ್ಕೆ ಕಾಯುವ ಹೊತ್ತಿನಲ್ಲಿ, ಎಲ್ಲರೂ ಹರಟುವಾಗ, ಅವಳೂ ತನಗೆ ತಿಳಿದ ಕಥೆ ಹೇಳುತ್ತಿದ್ದಳು. ಒಬ್ಬ ಮೀನುಗಾರನಿದ್ದ, ರಾತ್ರಿಯಿಡೀ ಬಲೆ ಹಾಕಿದರೂ ಒಂದು ಮೀನೂ ಬೀಳಲಿಲ್ಲ, ಯೇಸು ಬಂದು ಆಳಕ್ಕೆ ಹಾಕು ಎಂದ, ಬಲೆ ಹರಿಯುವಷ್ಟು ಬಿತ್ತು.

ಮುಂದುಗಡೆಯಿಂದ ಲಕ್ಕಿ ಕೂಗುತ್ತಿದ್ದಳು. ಲಕ್ಕಿ ಮೀನುಗಾರರವಳು, ಬಾಯಿ ಜೋರು. "ಎಂತ ಮೀನೆ ಅದು? ಬಂಗಡೆಯಾ ತೋರಿಯಾ? ಬರೇ ಮೀನು ಮೀನು ಅಂದ್ರೆ ನಾವು ನಂಬೂದಿಲ್ಲ."

"ತೋರಿ ಇರಬೇಕು ಮಾರಾಯ್ತಿ."

"ಹಂಗಾರೆ ನಿನ್ನ ಯೇಸುವನ್ನ ನನ್ನ ಗಂಡನ ದೋಣಿಗೆ ಹತ್ಸು. ಆ ಸೋಮಾರಿ ಬರೇ ಏಡಿ ತತ್ತಾ ಇದ್ದ."

ದೋಣಿ ಅಲ್ಲಾಡುವಷ್ಟು ನಗು. ಗಂಗಿಯೂ ನಗುತ್ತಿದ್ದಳು. ಬನ್ನಿ ಎಂದು ಅವಳು ಯಾರನ್ನೂ ಕರೆಯಲಿಲ್ಲ. ಬಳಚು ಬೆಂದ ಮೇಲೆ ಅದೇ ಒಲೆಯ ಕೆಂಡದ ಮೇಲೆ ಇನ್ನೊಂದು ಪಾತ್ರೆ ನೀರು ಇಡುತ್ತಿದ್ದಳು, ಅರಿಸಿನ, ಬೇವಿನ ಸೊಪ್ಪು ಹಾಕಿ. ಕಾಲು ಕೊಯ್ದುಕೊಂಡವರು ಬಂದರೆ ತೊಳೆದು, ಚಿಪ್ಪಿನ ಚೂರು ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆ ಕಟ್ಟುತ್ತಿದ್ದಳು. ಕಟ್ಟುವಾಗ ತುಟಿ ಅಲ್ಲಾಡುತ್ತಿತ್ತು. "ಅಪ್ಪಾ, ಈ ಕಾಲು ನಿಂದು."

ಮೊದಲು ಕೇರಿಯವರಷ್ಟೇ ಬಂದರು. ಆಮೇಲೆ ಲಕ್ಕಿಯ ಕಾಲು ಊದಿತು. ಕುಮಟೆಯ ಡಾಕ್ಟರು ಬೆರಳು ತೆಗೆಯಬೇಕು ಎಂದರು. ಅವಳು ದಿಬ್ಬಕ್ಕೆ ಒರಗಿ ಕೂತು ಅಳುತ್ತಿದ್ದಳು.

ಗಂಗಿ ದೂರ ನಿಂತು ಕೇಳಿದಳು. "ಮುಟ್ಲಾ?"

ಲಕ್ಕಿ ಆಚೆ ಈಚೆ ನೋಡಿದಳು. "ಮುಟ್ಟು ಮಾರಾಯ್ತಿ. ಬೆರಳೇ ಹೋಗ್ತದಂತೆ. ಜಾತಿ ಉಳಿಸ್ಕಂಡು ಎಂತ ಮಾಡ್ಲಿ?"

ದಿನವೂ ತೊಳೆದಳು. ಆಳಕ್ಕಿಳಿದ ಚೂರನ್ನು ಸೂಜಿಯಿಂದ ಎತ್ತಿದಳು. ಬೆರಳು ಉಳಿಯಿತು. ಅದಾದ ಮೇಲೆ ಮೀನುಗಾರ ಹೆಂಗಸರು ಒಬ್ಬೊಬ್ಬರೇ ಬಂದರು. ದೋಣಿಯಲ್ಲಿ ಬುಟ್ಟಿಗಳ ಸಾಲು ಚದುರಿತು. ಲಕ್ಕಿ ಹಿಂದುಗಡೆ ಬಂದು ಗಂಗಿಯ ಪಕ್ಕ ಕೂತಳು, ಗಂಗಿಯ ತಂಬಿಗೆಯಿಂದ ನೀರು ಕುಡಿದಳು. ಒಂದು ಭಾನುವಾರ ಅವಳ ಜೊತೆ ಹೊನ್ನಾವರದ ಬಸ್ಸು ಹತ್ತಿದಳು.

ನಡೆದದ್ದು ಇಷ್ಟು. ಊರು ಇದನ್ನು ತಡೆದುಕೊಳ್ಳಲಿಲ್ಲ.

ಕೊಂಕಣ ರೈಲು ಅಳಿವೆಯ ಸೇತುವೆಯ ಮೇಲೆ ಓಡತೊಡಗಿದ ಮರುವರ್ಷವಿರಬೇಕು. ಪೇಟೆಯಿಂದ ಬಂದು ಮತಾಂತರದ ವಿರುದ್ಧ ಭಾಷಣ ಮಾಡಿ ಹೋಗುವವರು ಹೆಚ್ಚಾಗಿದ್ದರು. ಮುಕ್ರಿ ಹೆಂಗಸೊಬ್ಬಳು ಊರು ಕೆಡಿಸುತ್ತಿದ್ದಾಳೆ, ವಿದೇಶದ ದುಡ್ಡು ಬರುತ್ತಿದೆ ಎಂಬ ಮಾತು ಹಬ್ಬಿತು. ಅವಳ ಸೀರೆಯ ತೇಪೆ ಯಾರ ಕಣ್ಣಿಗೂ ಬೀಳಲಿಲ್ಲ. ರವೀಂದ್ರ ಗೂಡಿನ ಹತ್ತಿರ ಹೊನ್ನನನ್ನು ಕರೆದ.

"ಹೆಂಡತಿಗೆ ಬುದ್ಧಿ ಹೇಳ್ತೆಯಾ, ನಾವೇ ಹೇಳಬೇಕಾ?"

"ಒಡೆಯರೆ, ನನ್ನ ಮಾತು ಕೇಳೂ ಹೆಂಗಸಾಗಿದ್ರೆ ನಾನು ಈಗ್ಲೂ ಕುಡ್ಕಂಡು ನಿಮ್ಮ ಗೂಡಿನ ಬಾಗಿಲಲ್ಲಿ ಬಿದ್ಕಂಡಿರ್ತಿದ್ದೆ," ಎಂದ ಹೊನ್ನ.

ಆ ದಿನ ಉಬ್ಬರ ಏರುವ ಹೊತ್ತಿಗೆ ದೋಣಿ ಧಕ್ಕೆಗೆ ಬಂತು. ಹೆಂಗಸರ ಮೈಯಿಂದ ನೀರು ಇಳಿಯುತ್ತಿತ್ತು. ಧಕ್ಕೆಯ ಮೇಲೆ ಜನ ಸೇರಿದ್ದರು. ನಡುವೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ರವೀಂದ್ರ. ಅವನ ಮುಂದೆ ನೀರು ತುಂಬಿದ ಟಬ್ಬು.

"ಬಾ ಗಂಗಿ. ಊರವರ ಕಾಲೆಲ್ಲ ತೊಳೀತಿಯಂತೆ. ನಮ್ಮದು ಎಂತ ಪಾಪ ಮಾಡಿತ್ತು? ತೊಳಿ. ತೊಳೆದ ನೀರು ಕುಡಿ. ಆಮೇಲೆ, ಇನ್ನು ಆ ಯೇಸುವಿನ ಸುದ್ದಿ ಎತ್ತೂದಿಲ್ಲ ಅಂತ ಎಲ್ಲರ ಮುಂದೆ ಹೇಳು. ಮುಗೀತು. ಆತಾ?"

ಗಂಗಿ ಬುಟ್ಟಿ ಇಳಿಸಿದಳು. ಅವಳು ಬಂದು ಕುರ್ಚಿಯ ಮುಂದೆ ಮೊಣಕಾಲೂರಿದಳು. ರವೀಂದ್ರ ಮೀಸೆಯೊಳಗೆ ನಕ್ಕ. ಅವಳು ಅವನ ಒಂದು ಕಾಲನ್ನು ಎತ್ತಿ ಅಂಗಾಲನ್ನು ತಿರುಗಿಸಿ ನೋಡಿದಳು. ಇನ್ನೊಂದನ್ನು ನೋಡಿದಳು. ಮೆತ್ತಗಿನ ಪಾದ, ಒಡೆಯದ ಹಿಮ್ಮಡಿ. ಕೆಳಗಿಟ್ಟಳು.

"ನಿಮ್ಮ ಕಾಲಿಗೆ ಗಾಯ ಇಲ್ಲ ಒಡೆಯರೆ."

"ಎಂತ?"

"ನಾ ತೊಳೂದು ಗಾಯ ಆದ ಕಾಲು. ನಾಳೆ ಇಳಿತಕ್ಕೆ ನಮ್ಮ ಸಂಗ್ತಿಗೆ ಬನ್ನಿ. ಕೆಸರಿಗೆ ಇಳೀರಿ. ಚಿಪ್ಪು ಕೊಯ್ದ ಮೇಲೆ ನಿಮ್ಮದೂ ತೊಳೀತೆ. ಖುಷಿಯಿಂದ ತೊಳೀತೆ. ಇವತ್ತು ತೊಳೂದಿಲ್ಲ. ನೀರು ಕುಡಿಯೂದಿಲ್ಲ. ಅವನ ಹೆಸರು ಬಿಡೂದೂ ಇಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ರವೀಂದ್ರನ ಕಾಲು ಅವಳ ಬಾಯಿಗೆ ಬಡಿಯಿತು. ಹಲ್ಲು ಮುರಿದು ನಾಲಗೆಯ ಮೇಲೆ ಬಿತ್ತು. ಆಮೇಲೆ ಎಲ್ಲರೂ ಹೊಡೆದರು. ಬೆನ್ನಿಗೆ, ಸೊಂಟಕ್ಕೆ, ಎದೆಗೆ. ಜುಟ್ಟು ಹಿಡಿದು ಎಳೆದರು. ಸೀರೆ ಹರಿಯಿತು. ಕೈಯನ್ನು ಕಲ್ಲಿನ ಮೇಲೆ ಇಟ್ಟರು. "ಇನ್ನು ಯಾರ ಕಾಲು ತೊಳೀತಿ ನೋಡ್ವ," ಎಂದು ಜಜ್ಜಿದರು. ಬೆರಳು ಮುರಿದ ಸದ್ದು ಅವಳಿಗೇ ಕೇಳಿಸಿತು. ತಲೆ ಎತ್ತಿದಾಗ ಲಕ್ಕಿ ಕಂಡಳು. ಲಕ್ಕಿಯ ತೋಳನ್ನು ಅವಳ ಗಂಡ ಹಿಡಿದಿದ್ದ. ಲಕ್ಕಿ ಬಾಯಿ ತೆರೆಯಲಿಲ್ಲ. ಲಿಂಗಪ್ಪ ದೋಣಿಯ ಹಗ್ಗವನ್ನು ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಗೂಡಿನ ಕಡೆಯಿಂದ ಹೊನ್ನ ಓಡಿಬಂದ. ತಲೆಯಿಂದ ಕಾಲಿನವರೆಗೆ ಸುಣ್ಣದ ಹುಡಿ, ರೆಪ್ಪೆಯ ಮೇಲೂ. ಕೈಯಲ್ಲಿ ಸಲಿಕೆ. ಅವನು ಯಾರ ಮೇಲೂ ಅದನ್ನು ಎತ್ತಲಿಲ್ಲ. ಬಂದು ಹೆಂಡತಿಗೆ ಅಡ್ಡ ನಿಂತ.

"ಯೇಸು ನಂಗೆ ಗೊತ್ತಿಲ್ಲ ಒಡೆಯರೆ. ಇವಳು ಗೊತ್ತು. ಇವಳನ್ನ ಮುಟ್ಟಬೇಡಿ."

ಸಲಿಕೆ ಕಸಿದುಕೊಂಡು ಅದರ ಬೆನ್ನಿನಿಂದ ಅವನ ತಲೆಗೆ ಹೊಡೆದರು. ಅವನು ಕುಸಿದು ಕೂತ. ಆಗ ರವೀಂದ್ರ ಟಬ್ಬನ್ನು ಎತ್ತಿದ. "ಅವಳು ಕುಡಿಯೂದಿಲ್ಲವಂತೆ. ನೀ ತಗಾ," ಎಂದು ಆ ನೀರನ್ನು ಅವನ ಮೇಲೆ ಸುರಿದ.

ಗೂಡಿನ ಯಜಮಾನನಿಗೆ ಆ ಹುಡಿಗೆ ನೀರು ತಾಗಿದರೆ ಏನಾಗುತ್ತದೆಂದು ತಿಳಿಯದೆ? ತಿಳಿದೇ ಸುರಿದ. ಹೊನ್ನನ ಮೈಯಿಂದ ಹೊಗೆ ಎದ್ದಿತು. ಕಣ್ಣಿನೊಳಗೆ ಸುಣ್ಣ ಬೆಂದಿತು. ಅವನು ಕೂಗಿದ ಕೂಗಿಗೆ ಧಕ್ಕೆಯ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿದವು. ಗಂಗಿ ತೆವಳಿಕೊಂಡು ಹೋಗಿ ತನ್ನ ಹರಿದ ಸೀರೆಯಿಂದ ಅವನ ಮೈ ಒರೆಸಿದಳು. ಸೀರೆ ಒದ್ದೆ. ಒರೆಸಿದಲ್ಲಿ ಚರ್ಮ ಕಿತ್ತು ಬಂತು.

ಕುಮಟೆಯ ಆಸ್ಪತ್ರೆಯಲ್ಲಿ ಅವನು ಕೆಲವು ದಿನ ಬದುಕಿದ್ದ. ಕಣ್ಣು ಕಾಣುತ್ತಿರಲಿಲ್ಲ. "ಗಂಗಿ, ನಿನ್ನ ಯೇಸು ಹತ್ರ ಹೇಳೆ," ಎಂದ ಒಮ್ಮೆ. ಏನು ಹೇಳಬೇಕೆಂದು ಹೇಳಲಿಲ್ಲ. ಮರುದಿನ ಉಸಿರು ನಿಂತಿತು.

ಊರಿನ ಶಾಂತಿ ಕದಡಿದಳೆಂದು ಪೊಲೀಸರು ಗಂಗಿಯ ಮೇಲೇ ದೂರು ಬರೆದುಕೊಂಡರು. ಹೊನ್ನನ ಸಾವು ಗೂಡಿನಲ್ಲಿ ಆದ ಅಪಘಾತವಾಯಿತು.

ಹೆಣ ಕೇರಿಗೆ ಬಂತು. ಕೇರಿಯವರು ಹೆಣ ಹೂಳುವ ಮಸಣಕ್ಕೆ ಹೋಗುವ ಕಾಲುದಾರಿ ರವೀಂದ್ರನ ತೆಂಗಿನ ತೋಟದ ನಡುವೆ ಇತ್ತು. ತಲೆತಲಾಂತರದಿಂದ ಕೇರಿಯ ಹೆಣಗಳು ಆ ದಾರಿಯಲ್ಲೇ ಹೋಗಿದ್ದವು. ಈಗ ಅಲ್ಲಿ ಮುಳ್ಳಿನ ಬೇಲಿ. ಕಿರಿಸ್ತಾನರ ಹೆಣ ನನ್ನ ತೋಟ ತುಳಿಯಬಾರದು ಎಂದು ರವೀಂದ್ರ ಹೇಳಿ ಕಳಿಸಿದ್ದ. ಹೊನ್ನಾವರದ ಪ್ರಾರ್ಥನೆ ಮನೆಗೆ ಹೂಳುವ ಜಾಗವೇ ಇರಲಿಲ್ಲ. ಕೇರಿಯವರು ಪೇಟೆಯ ಕೆಥೋಲಿಕರ ಚರ್ಚಿಗೆ, ಇಗರ್ಜಿಗೆ, ಕೇಳಿಸಿದರು. ಸತ್ತವನು ದೀಕ್ಷಾಸ್ನಾನ ಪಡೆದಿದ್ದನೆ ಎಂದು ಅಲ್ಲಿಯವರು ಕೇಳಿದರು. ಇಲ್ಲ. ಹೆಂಡತಿಯಾದರೂ ನಮ್ಮ ಇಗರ್ಜಿಯವಳೆ? ಅಲ್ಲ. ಹಾಗಿದ್ದರೆ ಆಗುವುದಿಲ್ಲ. ಕಿರಿಸ್ತಾನನೆಂದು ಅಲ್ಲಿ ಬೇಡವಾದ. ಕಿರಿಸ್ತಾನನಲ್ಲವೆಂದು ಇಲ್ಲಿ ಬೇಡವಾದ.

ಕೇರಿಯ ಹಿರಿಯ ಹಮ್ಮ, ಹೊನ್ನನ ಅಣ್ಣ, ಗಂಗಿಯ ಮುಂದೆ ಬಂದು ಕೂತ. "ತಂಗಿ, ಒಂದು ಮಾತು ಹೇಳು. ಬಿಟ್ಟೆ ಅಂತ ಹೇಳು. ಬೇಲಿ ತೆಗೀತಾರಂತೆ. ಬಾಯಲ್ಲಿ ಹೇಳು, ಮನಸ್ಸಲ್ಲಿ ಇಟ್ಕ. ಹೆಣ ಊದ್ತಾ ಇದೆ."

"ಬಾಯಲ್ಲಿ ಹೇಳೂದಾಗಿದ್ರೆ ಧಕ್ಕೆ ಮೇಲೇ ಹೇಳ್ತಿದ್ದೆ ಬಾವ. ಇವರು ಬದುಕಿರ್ತಿದ್ರು. ಇವರ ಜೀವಕ್ಕೆ ಹೇಳದ್ದನ್ನ ಇವರ ಹೆಣಕ್ಕೆ ಹೇಳ್ಲಾ?"

ಹಮ್ಮ ಮುಖ ಮುಚ್ಚಿಕೊಂಡ.

ಗಂಗಿ ಗಂಡನ ಸುಟ್ಟ ಮುಖ ನೋಡುತ್ತ ದೇವರ ಜೊತೆ ಜಗಳವಾಡಿದಳು. ಅಪ್ಪಾ, ನೀ ಸತ್ತಾಗ ಯಾರೋ ಒಬ್ಬ ಸಾಹುಕಾರ ತನಗೆ ಅಂತ ತೋಡಿಸಿದ ಗೋರಿಯನ್ನೇ ನಿನಗೆ ಕೊಟ್ಟ. ನನ್ನ ಗಂಡನಿಗೆ ಆರಡಿ ಕೊಡೂದಕ್ಕೆ ಯಾರೂ ಇಲ್ಲವಾ? ನಿನ್ನ ಹೆಸರಿಗೆ ಅವರು ಸತ್ತದ್ದು. ನೀನು ಕೊಡು ಜಾಗ.

ಗುಡಿಸಲಿನ ಬಾಗಿಲಿನಿಂದ ಅಳಿವೆ ಕಾಣುತ್ತಿತ್ತು. ಅಳಿವೆಯ ಮುಂದೆ ದಿಬ್ಬ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ.

ಅವಳು ಎದ್ದಳು. "ಬಾವ, ಆ ದಿಬ್ಬ ಯಾರದ್ದು?"

"ಯಾರದ್ದು ಅಂದ್ರೆ? ಯಾರದ್ದೂ ಅಲ್ಲ. ನೀವೇ ಹಾಕಿದ್ದು."

"ನಾವೇ ಹಾಕಿದ್ದು," ಎಂದಳು ಗಂಗಿ.

ದಿಬ್ಬದ ನೆತ್ತಿಗೆ ಹತ್ತಿ ಎಡಗೈಯಿಂದ ಚಿಪ್ಪು ಬಗೆಯತೊಡಗಿದಳು. ಒಂದು ಹಿಡಿ ತೆಗೆದರೆ ಎರಡು ಹಿಡಿ ಜಾರಿ ಬೀಳುತ್ತಿತ್ತು. ಕೈ ಕೊಯ್ದು ರಕ್ತ ಬಂತು. ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಬಗೆದಳು. ಹಿಂದೆ ಚಿಪ್ಪು ಸರಿದ ಸದ್ದಾಯಿತು. ಲಕ್ಕಿ. ಮುಖ ಊದಿತ್ತು. ಗಂಡನ ಕೈಯ ಗುರುತು ಕೆನ್ನೆಯ ಮೇಲೆ ಹಾಗೇ ಇತ್ತು.

"ಅತ್ಲಾಗೆ ಸರಿ. ಎಡಗೈಲಿ ನಿಂಗೆ ಬರೂದಿಲ್ಲ."

ಅಷ್ಟೇ ಹೇಳಿದಳು. ಕ್ಷಮೆ ಕೇಳಲಿಲ್ಲ. ಗಂಗಿ ಸರಿದು ಜಾಗ ಬಿಟ್ಟಳು. ಲಕ್ಕಿ ಬಗ್ಗಿ ಎರಡೂ ಕೈಯಿಂದ ಬಗೆದಳು. ಆಮೇಲೆ ಕೇರಿಯ ಹೆಂಗಸರು ಬಂದರು. ಮೀನುಗಾರ ಹೆಂಗಸರೂ ಬಂದರು. ಕೆಸರು ಬಗೆದು ಬದುಕಿದ ಕೈಗಳು. ಬುಟ್ಟಿಯಿಂದ ಬುಟ್ಟಿಗೆ ಚಿಪ್ಪು ದಾಟಿಸಿದರು. ಬದಿ ಜಾರದಂತೆ ಲಿಂಗಪ್ಪ ಹಳೆಯ ದೋಣಿಯ ಹಲಗೆಗಳನ್ನು ತಂದು ನಿಲ್ಲಿಸಿದ. ಯಾರ ಮುಖವನ್ನೂ ನೋಡದೆ ನಿಲ್ಲಿಸಿದ. ಹೊನ್ನನನ್ನು ಹಮ್ಮ ಮತ್ತು ಗೂಡಿನ ಆಳುಗಳು ಹೊತ್ತು ತಂದರು. ಗಂಗಿ ಬಾಯಿ ಬಿಟ್ಟು ಪ್ರಾರ್ಥಿಸಿದಳು. ಮುರಿದ ಹಲ್ಲಿನ ಸಂದಿಯಿಂದ ಮಾತು ತೊದಲಿತು. ಶಿಲುಬೆ ನೆಡಲಾ ಎಂದು ಲಕ್ಕಿ ಕೇಳಿದಳು.

"ಬೇಡ. ಇವರು ನಂಬಿದವರಲ್ಲ. ಸತ್ತವರ ಮೇಲೆ ಸುಳ್ಳು ಹೇಳಬಾರದು. ಇವರ ಸಲಿಕೆ ನೆಡು."

ಮುಂದಿನ ವಾರ ಲಾರಿ ಬಂತು. ಗೂಡಿನ ಆಳುಗಳು ದಿಬ್ಬಕ್ಕೆ ಸಲಿಕೆ ಹಾಕಲಿಲ್ಲ. ರವೀಂದ್ರ ಕತಗಾಲದ ಕಡೆಯಿಂದ ಬೇರೆ ಆಳುಗಳನ್ನು ತರಿಸಿದ. ಅವರು ನೆತ್ತಿಯ ಮೇಲಿನ ಸಲಿಕೆ ನೋಡಿ, ಯಾರದು ಎಂದು ಕೇಳಿ, ಲಾರಿ ಹತ್ತಿ ವಾಪಸಾದರು. ಅಷ್ಟರಲ್ಲಿ ಸುದ್ದಿ ಕುಮಟೆಯ ಸಂತೆಗೆ ಮುಟ್ಟಿತ್ತು. ಮುಕ್ರಿಯ ಹೆಣ ಹೂತ ಚಿಪ್ಪಿನ ಸುಣ್ಣವನ್ನು ಯಾರು ವೀಳ್ಯದೆಲೆಗೆ ಹಚ್ಚಿ ಕವಳ ಹಾಕಿಕೊಳ್ಳುತ್ತಾರೆ? ಯಾರು ಗುಡಿಯ ಗೋಡೆಗೆ ಬಳಿಯುತ್ತಾರೆ? ರವೀಂದ್ರನ ಗೂಡಿನ ಸುಣ್ಣವೆಂದರೆ ಸಾಕು, ಅಂಗಡಿಯವರು ಬೇಡವೆಂದು ಕೈ ಬೀಸಿ ಕಳಿಸಿದರು. ಗೂಡು ತಣ್ಣಗಾಯಿತು.

ರವೀಂದ್ರ ದಿಬ್ಬದ ಬುಡಕ್ಕೆ ಬಂದು ಕೂಗಾಡಿದ. "ಹೆಣ ತೆಗಿಯೇ! ಇವತ್ತೇ ತೆಗಿ!"

ಗಂಗಿ ಒಲೆಯ ಮುಂದೆ ಕೂತಿದ್ದಳು. ಎದ್ದು ನಿಲ್ಲಲಿಲ್ಲ. ಹೊಡೆಯಲು ಬರುವುದಾದರೆ ಬರಲಿ ಎಂದು ಕೂತೇ ಇದ್ದಳು. "ನಾ ತೆಗೂದಿಲ್ಲ. ಮುಕ್ರಿ ಹೆಣ ಅದು. ನಿಮ್ಮವರಲ್ಲಿ ಯಾರು ಮುಟ್ತಾರೆ ನೋಡಿ. ನೀವೇ ಮುಟ್ತೀರಾದ್ರೆ ಹತ್ತಿ. ಚಿಪ್ಪು ಕಾಲು ಕೊಯ್ತದೆ. ಕೊಯ್ದ್ರೆ ಇಳಿದು ಬನ್ನಿ, ನೀರು ಬಿಸಿ ಅದೆ. ಎಡಗೈಲಿ ತೊಳೀತೆ."

ತನ್ನ ಹಿಂದೆ ನಿಂತಿದ್ದ ಹುಡುಗರತ್ತ ಅವನು ತಿರುಗಿದ. ಅವಳ ಕೈ ಒತ್ತಿ ಹಿಡಿದವನೂ ಅಲ್ಲಿದ್ದ, ಜಜ್ಜಿದವನೂ ಇದ್ದ. ಇಬ್ಬರೂ ಹೆಜ್ಜೆ ಹಿಂದಿಟ್ಟರು. ಹೊಡೆಯುವಾಗ ಮೈಲಿಗೆ ನೆನಪಾಗಿರಲಿಲ್ಲ. ಈಗ ನೆನಪಾಗಿತ್ತು.

ಬೆರಳು ಸೊಟ್ಟಗೆ ಕೂಡಿಕೊಂಡವು. ಒಂದು ದಿನ ಇಳಿತದ ಹೊತ್ತಿಗೆ ಗಂಗಿ ಮತ್ತೆ ದೋಣಿ ಹತ್ತಿದಳು. ಲಿಂಗಪ್ಪ ಬೇಡವೆನ್ನಲಿಲ್ಲ. ದೋಣಿ ಅಳಿವೆಯ ನಡುವೆ ನಿಂತಿತು. ಮೇಲೆ ಸೇತುವೆಯ ಮೇಲೆ ರೈಲು ಹೋಯಿತು. ಅದು ಹೋದ ಮೇಲೆ ಲಕ್ಕಿ ಗಂಗಿಯತ್ತ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇತ್ತು.

"ಗಂಗಕ್ಕ, ಸತ್ತವ ಎದ್ದ ಅಂತ ಹೇಳಿದ್ಯಲ್ಲ ನೀನು. ಎಲ್ಲರೂ ಏಳ್ತರು ಅಂದ್ಯಲ್ಲ. ನಮ್ಮ ಹೊನ್ನಣ್ಣ ಏಳ್ತನಾ? ನಂಬದೆ ಸತ್ತವ. ಹೇಳು. ಸುಳ್ಳು ಹೇಳಬೇಡ."

ಎಲ್ಲರೂ ಗಂಗಿಯನ್ನು ನೋಡಿದರು. ಗಂಗಿ ದಡದ ಕಡೆ ನೋಡಿದಳು. ದಿಬ್ಬದ ನೆತ್ತಿಯ ಮೇಲೆ ಸಲಿಕೆಯ ಹಿಡಿ ಕಪ್ಪಗೆ ಕಾಣುತ್ತಿತ್ತು.

"ಅಡ್ಡ ನಿಂತು ಸತ್ತವರು ಅವರು. ನನ್ನ ಯೇಸು ಸತ್ತದ್ದೂ ಹಂಗೇಯ. ತನ್ನ ಹಾಂಗೆ ಸತ್ತವನನ್ನ ಅವ ಗುರ್ತು ಹಿಡಿಯೂದಿಲ್ಲ ಅಂದ್ರೆ ಅವನ ಹತ್ರ ನಾ ಜಗಳ ಮಾಡ್ತೆ. ಏಳ್ತರು. ಅವರು ಏಳೂವರೆಗೆ ಒಂದು ಚಿಪ್ಪು ತೆಗೂದಕ್ಕೂ ಯಾರನ್ನೂ ಬಿಡೂದಿಲ್ಲ."

ನೀರು ಸೊಂಟದ ಮಟ್ಟಕ್ಕೆ ಇಳಿದಿತ್ತು. ಗಂಗಿ ಸೀರೆ ಎತ್ತಿ ಕಟ್ಟಿ ದೋಣಿಯ ಅಂಚು ಹಿಡಿದು ಕೆಸರಿಗೆ ಕಾಲಿಟ್ಟಳು. ಹಿಂದೆಯೇ ಲಕ್ಕಿ ಇಳಿದಳು. "ಹಂಗಾರೆ ಕಥೆ ಮುಂದೆ ಹೇಳು," ಎಂದಳು.